ಎರಡು ಡಬ್ಬ, ನಡುವೆ ಒಂದು ಮೀಟರ್

ಅಲೆಯಿಂದ ಕರೆಂಟು ತೆಗೆಯುವ ಕೆಲಸ ಮಾಡ್ತೇನೆ ಎಂದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ, ಎಷ್ಟು ಮನೆಗೆ ಸಾಕಾಗುತ್ತೆ? ನನ್ನ ಒಂದೊಂದು ಡಬ್ಬ ಕೊಡುತ್ತಿದ್ದುದು ಅರ್ಧ ವ್ಯಾಟಿಗಿಂತ ಚೂರು ಜಾಸ್ತಿ. ಅದರಲ್ಲಿ ಮನೆಯ ಒಂದು ಬಲ್ಬೂ ಸರಿಯಾಗಿ ಉರಿಯುವುದಿಲ್ಲ.

ಡಬ್ಬ ಅಂದರೆ ತೇಲುವ ಬುರುಡೆ, 40 ಸೆಂಟಿಮೀಟರ್ ಅಗಲ. ಸಮುದ್ರದಲ್ಲಿ ಇಡಬೇಕಾದದ್ದು 10 ಮೀಟರಿನದು, ನಾನು ಅಲೆ ಎಬ್ಬಿಸುವ ಟ್ಯಾಂಕಿನಲ್ಲಿ ಇಟ್ಟು ನೋಡುವುದು ಅದರ 25ರಲ್ಲಿ ಒಂದು ಭಾಗ. ಈ ಅಳತೆಯಲ್ಲಿ 8 ಸೆಕೆಂಡಿಗೊಮ್ಮೆ ಬರುವ ಅಲೆ 1.6 ಸೆಕೆಂಡಿನದಾಗುತ್ತೆ, ನೆತ್ತಿಯಿಂದ ನೆತ್ತಿಗೆ 100 ಮೀಟರ್ ಉದ್ದದ್ದು 4 ಮೀಟರಾಗುತ್ತೆ. ಶಕ್ತಿ ಮಾತ್ರ ಸುಮಾರು 78 ಸಾವಿರ ಪಟ್ಟು ಕುಗ್ಗುತ್ತೆ. ಹಾಗಾಗಿ ಟ್ಯಾಂಕಿನ 0.64 ವ್ಯಾಟ್ ಎಂದರೆ ಸಮುದ್ರದಲ್ಲಿ 50 ಕಿಲೋವ್ಯಾಟ್. ಜನರೇಟರ್ ಇರಲಿಲ್ಲ. ಡಬ್ಬದ ದಾರ ಒಂದು ರಾಟೆಯನ್ನು ತಿರುಗಿಸುತ್ತಿತ್ತು, ರಾಟೆಗೆ ಅಯಸ್ಕಾಂತದ ಬ್ರೇಕು. ದಾರದ ಎಳೆತವನ್ನೂ ವೇಗವನ್ನೂ ಗುಣಿಸಿದರೆ ಶಕ್ತಿಯ ಲೆಕ್ಕ ಆಯಿತು.

ಒಂದೇ ಡಬ್ಬದ ತೊಂದರೆ ಪರದೆಯಲ್ಲಿ ಎದ್ದು ಕಾಣುತ್ತಿತ್ತು. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಶಕ್ತಿ ಬರುತ್ತೆ. ನಡುವೆ, ನೆತ್ತಿಯಲ್ಲೂ ತಳದಲ್ಲೂ ಒಂದು ಕ್ಷಣ ನಿಂತಾಗ, ಸೊನ್ನೆ. ಇಂಥ ಕರೆಂಟನ್ನು ಗ್ರಿಡ್‌ಗೆ ಕೊಟ್ಟರೆ ಯಾರು ತಗೊಳ್ತಾರೆ? ಗುಂಪು ಬೇಕಾಗುವುದು ಇಲ್ಲೇ. ಅಲೆ ಬರುವ ದಿಕ್ಕಿನಲ್ಲೇ, ಕಾಲು ಅಲೆಯಷ್ಟು ಹಿಂದೆ, ಅಂದರೆ ಟ್ಯಾಂಕಿನಲ್ಲಿ 1 ಮೀಟರ್ ದೂರದಲ್ಲಿ, ಇನ್ನೊಂದು ಡಬ್ಬ ಬಿಟ್ಟೆ. ಒಂದು ನಿಂತಾಗ ಇನ್ನೊಂದು ಜೋರಾಗಿ ಓಡುತ್ತಿರುತ್ತೆ. ಎರಡನ್ನೂ ಕೂಡಿಸಿದ ಗೆರೆ ಹಲ್ಲುಹಲ್ಲಾಗಿದ್ದದ್ದು ಸಣ್ಣ ಉಬ್ಬುತಗ್ಗಾಗಿ ಮಲಗಿತು. ಪೂರ್ತಿ ಚಪ್ಪಟೆ ಅಲ್ಲ. ಡಬ್ಬ ಅಲೆಯನ್ನು ನುಂಗುವುದಷ್ಟೇ ಅಲ್ಲ, ತಾನೂ ಅಲೆ ಎಬ್ಬಿಸುತ್ತೆ, ಅದು ಪಕ್ಕದ್ದನ್ನು ಕೆಣಕುತ್ತೆ.

ಆಮೇಲೆ ಐದು ಡಬ್ಬ ಇಟ್ಟೆ. ಮೊದಲ ದಿನವೇ ಹಿಂದಿನ ಸಾಲು ಮುಂದಿನದಕ್ಕಿಂತ ಹೆಚ್ಚು ಕೊಟ್ಟಿತು! ಕುಣಿದುಬಿಟ್ಟೆ. ನಾಲ್ಕು ದಿನ ಅದನ್ನೇ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಐದನೇ ದಿನ ನೋಡಿದರೆ, ಟ್ಯಾಂಕಿನ ಕೊನೆಯಲ್ಲಿ ಅಲೆ ಹೀರಲು ಹಾಕಿದ್ದ ಸ್ಪಂಜಿನ ಇಳಿಜಾರು ಒಂದು ಕಡೆ ಕಳಚಿ ಸರಿದಿತ್ತು. ಗೋಡೆಗೆ ಬಡಿದು ವಾಪಸ್ ಬಂದ ಅಲೆ ಹಿಂದಿನ ಸಾಲಿಗೆ ಊಟ ಹಾಕುತ್ತಿತ್ತು. ನೋಡಬೇಕಾದವನು ನಾನೇ. ಆ ನಾಲ್ಕು ದಿನದ ಫೈಲುಗಳನ್ನು ಅಳಿಸಿಲ್ಲ, ಹೆಸರು ಮಾತ್ರ ಬದಲಾಯಿಸಿದ್ದೇನೆ: ‘ಸ್ಪಂಜು’.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಚಿತ್ರ ತೋರಿಸಿದೆ. ಮಲ್ಪೆಯಲ್ಲಿ ಬೋಟಿನಲ್ಲೇ ದುಡಿದವರು. ಚಿತ್ರದಲ್ಲಿ ಸಮುದ್ರದ ಅಳತೆಗೆ 25 ಮೀಟರಿಗೊಂದು ಡಬ್ಬ, ಪ್ರತಿಯೊಂದಕ್ಕೂ ಆಂಕರ್ ಹಗ್ಗ. “ಇದರೊಳಗೆ ಬೋಟು ತಿರುಗಿಸ್ಲಿಕ್ಕೆ ಜಾಗ ಎಲ್ಲಿ ಉಂಟು ಮಾರಾಯ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮಳೆಗಾಲದಲ್ಲಿ ಹಾಳಾದ್ರೆ ಯಾರು ಹೋಗುದು?”

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಅಲೆ ದೊಡ್ಡದಿರುವುದೂ ಆಗಲೇ. ಸ್ಪೇನಿನ ಮುತ್ರಿಕುವಿನಲ್ಲಿ 2011ರಲ್ಲಿ ಶುರುವಾದ ಅಲೆ ವಿದ್ಯುತ್ ಸ್ಥಾವರದಲ್ಲಿ 16 ಟರ್ಬೈನುಗಳನ್ನು ಬಂದರಿನ ಅಲೆತಡೆಯ ಒಳಗೇ ಕೂರಿಸಿದ್ದರು. ರಿಪೇರಿಗೆ ಬೋಟು ಬೇಡ. ತೇಲುವವರಿಗೆ ಆ ಭಾಗ್ಯ ಎಲ್ಲಿ?

ವಾಪಸ್ ಬಂದು ಡಬ್ಬಗಳನ್ನು 3 ಮೀಟರ್ ದೂರ ಇಟ್ಟೆ. ಮುಕ್ಕಾಲು ಅಲೆ, ಸಮುದ್ರದಲ್ಲಿ 75 ಮೀಟರ್. ಬೋಟು ಆರಾಮಾಗಿ ತಿರುಗುತ್ತೆ. 1.6 ಸೆಕೆಂಡಿನ ಅಲೆಗೆ ಗೆರೆ ಮೊದಲಿನಷ್ಟೇ ಚೆನ್ನಾಗಿ ಮಲಗಿತು. ಅಲೆಯನ್ನು 2 ಸೆಕೆಂಡಿಗೆ ಬದಲಿಸಿದೆ. ಅದರ ಉದ್ದ 6 ಮೀಟರ್ ದಾಟಿತು, 3 ಮೀಟರ್ ಎಂದರೆ ಹೆಚ್ಚುಕಡಿಮೆ ಅರ್ಧ ಅಲೆ. ಒಂದು ಏರುವಾಗ ಇನ್ನೊಂದು ಇಳಿಯಿತು, ಎರಡೂ ಒಟ್ಟಿಗೇ ನಿಂತವು. ಪರದೆಯಲ್ಲಿ ಮತ್ತೆ ಅದೇ ಹಲ್ಲು. 1 ಮೀಟರಿನಲ್ಲಿ ಹೀಗಾಗಿರಲಿಲ್ಲ. ನಿಜವಾದ ಕಡಲಿನಲ್ಲಿ ಅಲೆ ಒಂದೇ ಅಳತೆಗೆ ನಿಲ್ಲುವುದಿಲ್ಲ ಅಲ್ವಾ.

ಈಗ ಎರಡೆರಡು ಡಬ್ಬಗಳನ್ನು 1 ಮೀಟರಿಗೆ ಜೋಡಿ ಮಾಡಿ, ಜೋಡಿಗಳ ನಡುವೆ ಬೋಟಿನ ದಾರಿ ಬಿಟ್ಟು ನೋಡುತ್ತಿದ್ದೇನೆ. ಪ್ರತಿ ಓಟಕ್ಕೂ ಮುಂಚೆ ಸ್ಪಂಜನ್ನು ಕೈಯಲ್ಲಿ ಒತ್ತಿ ನೋಡ್ತೇನೆ.