ನ್ಯೂಜಿಲೆಂಡ್ ಈ ಸಲವೂ ಅಮೆರಿಕಾಸ್ ಕಪ್ ಗೆಲ್ಲುತ್ತದಾ? ನೀವೇ ಲೆಕ್ಕ ಹಾಕುವ ಬಗೆ

ಗಂಗೊಳ್ಳಿಯಲ್ಲಿರುವ ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ. "ಅಕ್ಕ, ನಿಮ್ಮವರು ನೇಪಲ್ಸ್‌ನಲ್ಲಿ ಗೆಲ್ತಾರಾ?" ನಿಮ್ಮವರು ಅಂದರೆ ನ್ಯೂಜಿಲೆಂಡ್ ತಂಡ. ನೇಪಲ್ಸ್ ಅಂದರೆ ಅಮೆರಿಕಾಸ್ ಕಪ್ ಅನ್ನುವ ಹಾಯಿದೋಣಿ ರೇಸು ಮುಂದೆ ನಡೆಯುವ ಊರು. ನಾನು ಆಕ್ಲೆಂಡಿಗೆ ಬಂದದ್ದು 2009ರಲ್ಲಿ. ಅಂದಿನಿಂದ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಹಾಯಿದೋಣಿ ರೇಸು ನೋಡಲು ಕಲಿತದ್ದೂ ಅಲ್ಲೇ, ಅಲ್ಲಿನ ಅಜ್ಜ ಅಜ್ಜಿಯರ ಪಕ್ಕ ಕೂತು. ತಮ್ಮನಿಗೆ "ಗೆಲ್ತಾರೆ" ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಏನನ್ನು ನೋಡಬೇಕು ಅಂತ ಹೇಳಿಕೊಟ್ಟರೆ ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ತೀರಾ ಬೇಕಾದಷ್ಟು ವಿವರ. ಅಮೆರಿಕಾಸ್ ಕಪ್ ಶುರುವಾದದ್ದು 1851ರಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ಸುತ್ತ. ಗೆದ್ದ ದೋಣಿಯ ಹೆಸರು ಅಮೆರಿಕಾ, ಕಪ್ಪಿಗೂ ಅದೇ ಹೆಸರು ಉಳಿಯಿತು. ಆಮೇಲೆ 132 ವರ್ಷ ಕಪ್ ಅಮೆರಿಕದವರ ಕೈ ಬಿಡಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾ ಕಿತ್ತುಕೊಂಡಿತು. ನ್ಯೂಜಿಲೆಂಡ್ ಮೊದಲ ಸಲ ಗೆದ್ದದ್ದು 1995ರಲ್ಲಿ, ಸ್ಯಾನ್ ಡಿಯಾಗೋದಲ್ಲಿ, 5-0. ಆಗ ತಂಡದ ನಾಯಕ ಪೀಟರ್ ಬ್ಲೇಕ್ ಕೆಂಪು ಸಾಕ್ಸ್ ಹಾಕುತ್ತಿದ್ದರು ಅಂತ ಇಡೀ ದೇಶ ಕೆಂಪು ಸಾಕ್ಸ್ ಕೊಂಡು ಹಾಕಿಕೊಂಡಿತ್ತು. ನಮ್ಮ ವೃದ್ಧಾಶ್ರಮದಲ್ಲಿದ್ದ ಒಬ್ಬ ಅಜ್ಜಿ ಆ ಜೊತೆಯನ್ನು ಇನ್ನೂ ಇಟ್ಟುಕೊಂಡಿದ್ದರು. ರೇಸಿನ ದಿನ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಕಪ್ ಇರುವ ತಂಡ ನೇರವಾಗಿ ಫೈನಲ್‌ನಲ್ಲಿರುತ್ತದೆ. ಉಳಿದವರು ತಮ್ಮೊಳಗೆ ಸೆಣಸಿ ಒಬ್ಬರು ಮಾತ್ರ ಎದುರು ಬರುತ್ತಾರೆ. ಫೈನಲ್‌ನಲ್ಲಿ ಎರಡೇ ದೋಣಿ. ಕಳೆದ ಎರಡು ಸಲ ಮೊದಲು 7 ರೇಸ್ ಗೆದ್ದವರಿಗೆ ಕಪ್ ಸಿಕ್ಕಿತು. 2021ರಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ಇಟಲಿಯ ಲೂನಾ ರೋಸಾವನ್ನು 7-3ರಿಂದ ಸೋಲಿಸಿತು. 2024ರಲ್ಲಿ ಬಾರ್ಸಿಲೋನಾದಲ್ಲಿ ಬ್ರಿಟನ್ ತಂಡವನ್ನು 7-2ರಿಂದ. ಮುಂದಿನದು 2027ರಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ.

ಅಂಕ ನೋಡಿ ನಂಬಬೇಡಿ

ಇದನ್ನು ನನಗೆ ಕಲಿಸಿದ್ದು 2013. ಆ ವರ್ಷ ರೇಸು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಮಧ್ಯಾಹ್ನ ಅಂದರೆ ನಮಗೆ ಬೆಳಿಗ್ಗೆ ಎಂಟೂಕಾಲು, ಸರಿಯಾಗಿ ತಿಂಡಿ ಬಡಿಸುವ ಹೊತ್ತು. ನಾನು ಗಂಜಿ ಬಟ್ಟಲು ಹಿಡಿದು ಟಿವಿ ಮುಂದೆ ನಿಂತುಬಿಡುತ್ತಿದ್ದೆ. ಗೆಲ್ಲಲು 9 ಅಂಕ ಬೇಕು. ನಮ್ಮವರು 8-1ರಲ್ಲಿ ಮುಂದಿದ್ದರು. ಇನ್ನೊಂದೇ ಒಂದು ರೇಸ್.

ಒಂದು ದಿನ ಗಾಳಿ ತೀರಾ ಕಡಿಮೆ. ನಮ್ಮ ದೋಣಿ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಮುಂದೆ ಇತ್ತು. ಆದರೆ 40 ನಿಮಿಷದೊಳಗೆ ಮುಗಿಯದಿದ್ದರೆ ರೇಸ್ ರದ್ದು ಅಂತ ನಿಯಮ. ಮುಗಿಯಲಿಲ್ಲ, ರದ್ದಾಯಿತು. ಆಮೇಲೆ ಅಮೆರಿಕದ ಒರೇಕಲ್ ತಂಡ ಒಂದಾದ ಮೇಲೊಂದು ಗೆಲ್ಲುತ್ತಾ ಹೋಯಿತು. ಹಿಂದಿನ ದಿನದ ಗೆಲುವೂ ಸೇರಿ ಸಾಲಾಗಿ ಎಂಟು. ಕೊನೆಗೆ 9-8. ಆ ಬೆಳಿಗ್ಗೆ ಯಾರೂ ಟೋಸ್ಟ್ ಮುಟ್ಟಲಿಲ್ಲ. ಅಜ್ಜಿ ಕೆಂಪು ಸಾಕ್ಸ್ ಮಡಿಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಮಧ್ಯಾಹ್ನ ಅವರೇ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಪ್ರತಿ ರೇಸಿನ ಪ್ರತಿ ಸುತ್ತಿನ ಅಂತರವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಗಾಳಿಗೆ ಎದುರಾಗಿ ಹೋಗುವ ಸುತ್ತನ್ನು ಮಾತ್ರ ನೋಡು ಅಂದರು. ಮೊದಲ ದಿನಗಳಲ್ಲಿ ಅಲ್ಲಿ ಪ್ರತಿ ಸಲ ಅಂತರ ಗಳಿಸುತ್ತಿದ್ದದ್ದು ನ್ಯೂಜಿಲೆಂಡ್. ನಡುವೆ ಸಮ ಆಯಿತು. ಕೊನೆಗೆ ಒರೇಕಲ್ ಗಳಿಸತೊಡಗಿತು. ನಮ್ಮವರ ದೋಣಿ ನಿಧಾನ ಆಗಿರಲಿಲ್ಲ. ಎದುರಿನವರು ದಿನದಿನಕ್ಕೆ ಕಲಿಯುತ್ತಿದ್ದರು. ಗಾಳಿಗೆ ಎದುರಾಗಿಯೂ ನೀರಿನಿಂದ ಎದ್ದು ಹಾರುವುದನ್ನು ಅವರು ರೇಸ್ ನಡೆಯುತ್ತಿರುವಾಗಲೇ ಪಳಗಿಸಿಕೊಂಡರು. ಅಂಕ ಇನ್ನೂ 8-3 ಇರುವಾಗಲೇ ಆ ಪುಟಗಳು ಇದನ್ನು ಹೇಳುತ್ತಿದ್ದವು.

ನೀವೂ ಹಾಗೇ ಮಾಡಿ. ಒಂದು ಹಾಳೆ ಸಾಕು. ಗುರುತಿಗೆ ನೀರಲ್ಲಿ ತೇಲಿಬಿಟ್ಟ ಪ್ರತಿ ಬೋಯ್ ದಾಟುವಾಗ ಟಿವಿಯಲ್ಲಿ ಎರಡು ದೋಣಿಯ ನಡುವಿನ ಸೆಕೆಂಡು ತೋರಿಸುತ್ತಾರೆ. ಅದನ್ನು ಬರೆದುಕೊಳ್ಳಿ. ಗಾಳಿಗೆ ಎದುರಾದ ಸುತ್ತು ಒಂದು ಕಡೆ, ಗಾಳಿ ಬೆನ್ನಿಗಿರುವ ಸುತ್ತು ಇನ್ನೊಂದು ಕಡೆ. ಪಕ್ಕದಲ್ಲಿ ಆ ಹೊತ್ತಿನ ಗಾಳಿ ಎಷ್ಟು ನಾಟ್ (ಸಮುದ್ರದಲ್ಲಿ ವೇಗ ಅಳೆಯುವ ಲೆಕ್ಕ) ಅಂತಲೂ ಇರಲಿ. ನಾಲ್ಕು ರೇಸ್ ಆಗುವಷ್ಟರಲ್ಲಿ ಯಾವ ತಂಡ ಯಾವ ಗಾಳಿಯಲ್ಲಿ ಜೋರು ಅಂತ ತಿಳಿಯುತ್ತದೆ, ಯಾರು ಬೆಳೆಯುತ್ತಿದ್ದಾರೆ ಅಂತಲೂ ತಿಳಿಯುತ್ತದೆ.

ದೋಣಿ ನೀರಿಗೆ ಬಿದ್ದಾಗ ಕಣ್ಣು ತೆಗೆಯಬೇಡಿ

ಈಗಿನ ದೋಣಿಗೆ ಎಸಿ75 ಅನ್ನುತ್ತಾರೆ. ಮುಂದೆ ಚಾಚಿದ ಕಂಬವೂ ಸೇರಿ 75 ಅಡಿ ಉದ್ದ. ಎರಡೂ ಪಕ್ಕಕ್ಕೆ ಒಂದೊಂದು ತೋಳು, ತೋಳಿನ ತುದಿಯಲ್ಲಿ ರೆಕ್ಕೆ. ಅದೇ ಫಾಯಿಲ್. ಒಂದು ತೋಳು ನೀರೊಳಗೆ ಇದ್ದು ದೋಣಿಯನ್ನು ಮೇಲೆತ್ತುತ್ತದೆ, ಇನ್ನೊಂದು ಗಾಳಿಯಲ್ಲಿ ಚಾಚಿಕೊಂಡು ತೂಕ ಸರಿದೂಗಿಸುತ್ತದೆ. ವಿಮಾನದ ರೆಕ್ಕೆ ಮಾಡುವ ಕೆಲಸವೇ, ಗಾಳಿಯ ಬದಲು ನೀರಲ್ಲಿ. ಒಮ್ಮೆ ಎದ್ದರೆ ಒಡಲು ನೀರನ್ನು ಮುಟ್ಟುವುದೇ ಇಲ್ಲ. 50 ನಾಟ್ ದಾಟಿಯೂ ಹೋಗುತ್ತದೆ, ಅಂದರೆ ಗಂಟೆಗೆ 90 ಕಿಲೋಮೀಟರಿಗೂ ಜಾಸ್ತಿ. ಎಂಜಿನ್ ಇಲ್ಲ, ಬರೀ ಹಾಯಿ.

ಆದರೆ ಒಡಲು ನೀರಿಗೆ ಕುಸಿದರೆ ಅದೇ ದೋಣಿ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಮತ್ತೆ ಏಳಬೇಕಾದರೆ ಗಾಳಿಯ ಬಲ ಬೇಕು, ತಾಳ್ಮೆಯೂ ಬೇಕು. ಅದಕ್ಕೇ ಪ್ರತಿ ತಿರುವಿನಲ್ಲೂ ನೋಡಿ. ತಿರುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯಿತು, ಎಷ್ಟು ಬೇಗ ಮೊದಲಿನಷ್ಟಾಯಿತು? ಒಳ್ಳೆ ತಂಡದ ದೋಣಿ ತಿರುಗಿದ್ದೇ ಗೊತ್ತಾಗುವುದಿಲ್ಲ.

2021ರ ಮಾರ್ಚ್‌ನಲ್ಲಿ ನಾನು, ನಮ್ಮ ಯಜಮಾನರು ಡೆವನ್‌ಪೋರ್ಟಿನ ನಾರ್ತ್ ಹೆಡ್ ಗುಡ್ಡದ ಮೇಲೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಕೂತಿದ್ದೆವು. ಅಂಕ 4-3. ಎಂಟನೇ ರೇಸ್. ಗಾಳಿ ಸಣ್ಣದು. ನಮ್ಮ ದೋಣಿ ಇಟಲಿಯವರ ಹಿಂದಿನ ಕದಡಿದ ಗಾಳಿಗೆ ಸಿಕ್ಕಿ ಧೊಪ್ಪನೆ ನೀರಿಗೆ ಕೂತಿತು. ಲೂನಾ ರೋಸಾ ಎಲ್ಲೋ ಮುಂದೆ ಹೋಗಿಬಿಟ್ಟಿತು. ಸುತ್ತ ಕೂತವರೆಲ್ಲ ಮೌನ. ಸ್ವಲ್ಪ ಹೊತ್ತಿಗೆ ಲೂನಾ ರೋಸಾವೂ ನೀರಿಗೆ ಬಿತ್ತು, ಏಳಲು ಆಗಲಿಲ್ಲ. ನಮ್ಮವರು ಎದ್ದು, ಪಕ್ಕದಲ್ಲೇ ಹಾರಿ ಹೋಗಿ, ಸುಮಾರು ನಾಲ್ಕು ನಿಮಿಷದ ಅಂತರದಲ್ಲಿ ಗೆದ್ದರು. ಚಿತ್ರಾನ್ನದ ಡಬ್ಬಿ ಉರುಳಿ ಗುಡ್ಡದ ಕೆಳಗೆ ಹೋದದ್ದು ನಮಗೆ ಆಮೇಲೆ ಗೊತ್ತಾಯಿತು!

ಗಂಗೊಳ್ಳಿಯಲ್ಲಿ ನಮ್ಮಜ್ಜ ಮಂಜಿ ಅನ್ನುವ ಸರಕಿನ ಹಾಯಿದೋಣಿಯಲ್ಲಿ ಹೆಂಚು ತುಂಬಿಕೊಂಡು ಕೇರಳದ ಕಡೆ ಹೋಗುತ್ತಿದ್ದರು. ನೀರು ಎಲ್ಲಿ ಕಪ್ಪಗೆ ಕಾಣುತ್ತದೋ ಅಲ್ಲಿ ಗಾಳಿ ಇದೆ ಅಂತ ಅವರು ಹೇಳುತ್ತಿದ್ದದ್ದು ಇಲ್ಲಿಗೂ ಸರಿಹೋಗುತ್ತದೆ. ಹೆಲಿಕಾಪ್ಟರಿನಿಂದ ತೋರಿಸುವಾಗ ಆ ಕಪ್ಪು ತೇಪೆಗಳನ್ನು ಹುಡುಕಿ. ಯಾವ ದೋಣಿ ಅದರ ಕಡೆ ಹೋಗುತ್ತಿದೆ ನೋಡಿ. ವೀಕ್ಷಕ ವಿವರಣೆ ಹೇಳುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ದಡದ ಮೇಲಿನ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ತಂಡ ಅಂದರೆ ದೋಣಿಯಲ್ಲಿ ಇರುವವರು ಮಾತ್ರ ಅಲ್ಲ. 2017ರಲ್ಲಿ ಬರ್ಮುಡಾದ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ದೋಣಿ ಮೂತಿ ಊರಿ ಮಗುಚಿತು. ರಿಪೇರಿಯವರು ಹಗಲು ರಾತ್ರಿ ಕೂತು ಸರಿಮಾಡಿದರು. ಆ ತಂಡವೇ ಕಪ್ ಗೆದ್ದಿತು. 2024ರ ಆಗಸ್ಟ್ 29ರಂದು ಬಾರ್ಸಿಲೋನಾದಲ್ಲಿ ಕ್ರೇನಿನಿಂದ ಇಳಿಸುವಾಗ ನ್ಯೂಜಿಲೆಂಡಿನ ತೈಹೊರೊ ದೋಣಿ ಅದನ್ನು ಕೂರಿಸುವ ಚೌಕಟ್ಟಿನ ಮೇಲೆ ಬಿದ್ದು ಒಡಲು ಹಾಳಾಯಿತು. ಕೆಲವೇ ದಿನಗಳಲ್ಲಿ ಮತ್ತೆ ನೀರಿಗೆ ಇಳಿಯಿತು. ಈ ತಂಡದ ಮೇಲೆ ನನಗಿರುವ ಭರವಸೆಯಲ್ಲಿ ಅರ್ಧ ಈ ದಡದ ಜನರದ್ದು.

ತಯಾರಿ ರೇಸುಗಳ ಫಲಿತಾಂಶವನ್ನು ಮಾತ್ರ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. 2020ರ ಡಿಸೆಂಬರಿನಲ್ಲಿ ಬ್ರಿಟನ್ ತಂಡ ಒಂದೂ ರೇಸ್ ಗೆಲ್ಲದೆ ಒದ್ದಾಡಿತ್ತು. ಮುಂದಿನ ಜನವರಿಯಲ್ಲಿ ಅದೇ ತಂಡ ಚಾಲೆಂಜರ್‌ಗಳ (ಕಪ್ ಇಲ್ಲದ ಉಳಿದ ತಂಡಗಳ) ಲೀಗಿನಲ್ಲಿ ಎಲ್ಲ ರೇಸ್ ಗೆದ್ದಿತು. ಆಮೇಲೆ ಲೂನಾ ರೋಸಾ ಎದುರು 7-1ರಿಂದ ಸೋತಿತು. ಮೂರು ತಿಂಗಳೊಳಗೆ ಮೂರು ಬೇರೆ ತಂಡ ನೋಡಿದ ಹಾಗಿತ್ತು.

ಯಾರು ಹೋದರು, ಎಲ್ಲಿಗೆ ಹೋದರು

ನೇಪಲ್ಸ್ ಬಗ್ಗೆ ಯೋಚಿಸುವಾಗ ನನಗೆ ಚುಚ್ಚುವುದು ಇದು. 2000ದಲ್ಲಿ ನ್ಯೂಜಿಲೆಂಡ್ ಕಪ್ ಉಳಿಸಿಕೊಂಡ ಮೇಲೆ ಚುಕ್ಕಾಣಿ ಹಿಡಿದಿದ್ದ ರಸೆಲ್ ಕೂಟ್ಸ್, ಜೊತೆಗಾರ ಬ್ರ್ಯಾಡ್ ಬಟರ್‌ವರ್ತ್ ಇಬ್ಬರೂ ಸ್ವಿಟ್ಜರ್ಲೆಂಡಿನ ಅಲಿಂಗಿ ತಂಡ ಸೇರಿದರು. ಸಮುದ್ರವೇ ಇಲ್ಲದ ದೇಶ. 2003ರಲ್ಲಿ ಅವರೇ ಆಕ್ಲೆಂಡಿಗೆ ಬಂದು ನ್ಯೂಜಿಲೆಂಡನ್ನು 5-0ರಿಂದ ಸೋಲಿಸಿದರು. ಆ ಸರಣಿಯಲ್ಲಿ ನಮ್ಮ ದೋಣಿಗೆ ಒಮ್ಮೆ ನೀರು ತುಂಬಿತು, ಇನ್ನೊಮ್ಮೆ ಕೂವೆಮರವೇ ಮುರಿಯಿತು. ಇಲ್ಲಿನ ಹಿರಿಯರು ಇವತ್ತಿಗೂ ಅದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ.

ಈಗ ಮತ್ತೆ ಅಂಥದ್ದೇ ಆಗಿದೆ. 2017, 2021, 2024 ಮೂರೂ ಸಲ ಚುಕ್ಕಾಣಿ ಹಿಡಿದು ಗೆದ್ದ ಪೀಟರ್ ಬರ್ಲಿಂಗ್ 2025ರಲ್ಲಿ ತಂಡ ಬಿಟ್ಟು ಲೂನಾ ರೋಸಾ ಸೇರಿದ್ದಾರೆ. ಒಬ್ಬ ಮನುಷ್ಯ ಹೋದರೆ ಬರೀ ಕೈಚಳಕ ಹೋಗುವುದಲ್ಲ. ಯಾವ ಗಾಳಿಗೆ ಯಾವ ಹಾಯಿ, ತಿರುವಿನಲ್ಲಿ ಫಾಯಿಲ್ ಯಾವಾಗ ಇಳಿಸಬೇಕು, ಎಲ್ಲ ತಲೆಯಲ್ಲಿ ಹೊತ್ತುಕೊಂಡು ಹೋಗುತ್ತಾನೆ. ಲೂನಾ ರೋಸಾ 2000ದಿಂದ ಕಪ್ಪಿಗಾಗಿ ಬರುತ್ತಿದೆ, ಇನ್ನೂ ಸಿಕ್ಕಿಲ್ಲ. ಈ ಸಲ ಅವರದೇ ದೇಶದ ನೀರು. ನನಗೆ ಹೆದರಿಕೆ ಇರುವುದು ಅವರದ್ದೇ. ಬೆನ್ ಐನ್ಸ್ಲಿಯ ಬ್ರಿಟನ್ ಆಮೇಲೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ತೂಕ ಇದೆ. ನ್ಯೂಜಿಲೆಂಡಿನ ಹೊಸ ನಾಯಕ ನೇಥನ್ ಔಟರಿಜ್ ಆಸ್ಟ್ರೇಲಿಯಾದವರು, 2024ರಲ್ಲಿ ಬರ್ಲಿಂಗ್ ಜೊತೆಗೇ ದೋಣಿಯ ಇನ್ನೊಂದು ಪಕ್ಕದಲ್ಲಿ ಚುಕ್ಕಾಣಿ ಹಿಡಿದಿದ್ದವರು. ಆ ಗುಟ್ಟುಗಳೆಲ್ಲ ಅವರಿಗೂ ಗೊತ್ತು. ಹೊಸ ನಿಯಮದ ಪ್ರಕಾರ 2024ರ ಒಡಲುಗಳನ್ನೇ ಮತ್ತೆ ಬಳಸಬೇಕು. ಫಾಯಿಲ್, ಹಾಯಿ ಬದಲಿಸಬಹುದು. ಅಂದರೆ ಗೆದ್ದ ತೈಹೊರೊ ಒಡಲು ನಮ್ಮ ಹತ್ತಿರವೇ ಇರುತ್ತದೆ. ಇದು ಸಣ್ಣ ಲಾಭ ಅಲ್ಲ. ಇನ್ನೊಂದು, 2024ರಲ್ಲಿ ಎಂಟು ಜನ ಇದ್ದರು, ಅದರಲ್ಲಿ ನಾಲ್ವರು ಸೈಕಲ್ ತುಳಿದು ಯಂತ್ರಗಳಿಗೆ ಶಕ್ತಿ ಕೊಡುತ್ತಿದ್ದರು. ಈ ಸಲ ಐದೇ ಜನ, ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳು ಇರಲೇಬೇಕು, ಶಕ್ತಿ ಬ್ಯಾಟರಿಯಿಂದ. ಕಾಲಿನ ಬಲ ಲೆಕ್ಕದಿಂದ ಹೊರಗೆ ಹೋಯಿತು. ಚುಕ್ಕಾಣಿ ಹಿಡಿದವರು, ಹಾರಾಟ ನೋಡಿಕೊಳ್ಳುವವರು, ಅವರಿಬ್ಬರ ಹೊಂದಾಣಿಕೆ, ಇಷ್ಟೇ ಉಳಿದದ್ದು. ನನಗೆ ಆ ಹೆಣ್ಣುಮಗಳನ್ನು ನೋಡುವ ಆಸೆ ಬಹಳ.

ಶುರುವಿನ ಎರಡು ನಿಮಿಷ

ಇದೊಂದು ಸಣ್ಣ ಮಾತು, ಆದರೆ ತಪ್ಪಿಸಬೇಡಿ. ಬಂದೂಕಿನ ಸದ್ದಿಗೆ ಸುಮಾರು ಎರಡು ನಿಮಿಷ ಮೊದಲು ಎರಡೂ ದೋಣಿ ಎದುರುಬದುರು ದಿಕ್ಕಿನಿಂದ ಒಳಗೆ ಬರುತ್ತವೆ. ಗೆರೆ ಬೇಗ ದಾಟಿದರೆ ದಂಡ, ತಡವಾದರೆ ಎದುರಿನವನ ಹಿಂದಿನ ಕೆಟ್ಟ ಗಾಳಿ ಕುಡಿಯಬೇಕು. 2024ರ ಫೈನಲ್‌ನಲ್ಲಿ ನ್ಯೂಜಿಲೆಂಡ್ 4-0 ಮುಂದಿತ್ತು. ಐದನೇ ರೇಸಿನಲ್ಲಿ ಶುರುವಿಗೆ ಮುಂಚೆಯೇ ಮೂತಿ ನೀರಿಗೆ ಊರಿ ಕೂತಿತು, ಸೋತಿತು. ಮುಂದಿನದೂ ಸೋತಿತು. ನನಗೆ 2013 ನೆನಪಾಗಿ ಕೈ ತಣ್ಣಗಾಯಿತು. ಆಗ ನೋಟ್‌ಬುಕ್ ತೆಗೆದು ಅಂತರ ನೋಡಿದೆ. ದೋಣಿಯ ವೇಗದಲ್ಲಿ ನಮ್ಮವರು ಹಿಂದೆ ಬಿದ್ದಿರಲಿಲ್ಲ. ತಮ್ಮನಿಗೆ ಮೆಸೇಜ್ ಹಾಕಿದೆ, "ಹೆದರಬೇಡ, ಇವರೇ ಗೆಲ್ಲುವುದು." ಮುಂದಿನ ಮೂರೂ ನಮ್ಮವರದ್ದೇ.

ಹಾಗಾದರೆ ನೇಪಲ್ಸ್? ಇವತ್ತು ಕೇಳಿದರೆ ಹತ್ತಕ್ಕೆ ಆರು ನ್ಯೂಜಿಲೆಂಡ್ ಅನ್ನುತ್ತೇನೆ. ಬರ್ಲಿಂಗ್ ಇದ್ದಿದ್ದರೆ ಎಂಟು ಅನ್ನುತ್ತಿದ್ದೆ. ಲೂನಾ ರೋಸಾ ಫೈನಲ್‌ಗೆ ಬಂದು, ಮೊದಲ ಎರಡು ದಿನ ಗಾಳಿಗೆ ಎದುರಾದ ಸುತ್ತಿನಲ್ಲಿ ಅಂತರ ಗಳಿಸಿದರೆ ನನ್ನ ಆರು ನಾಲ್ಕಾಗುತ್ತದೆ, ಅಂಕ ಏನೇ ಇರಲಿ.

ನೇಪಲ್ಸಿನಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದರೆ ಊರಲ್ಲಿ ಸಂಜೆ ಐದೂವರೆ, ನಮಗೆ ನಡುರಾತ್ರಿ ಹನ್ನೆರಡು. ಅಷ್ಟರೊಳಗೆ 2021 ಮತ್ತು 2024ರ ಫೈನಲ್ ರೇಸುಗಳನ್ನು ಯೂಟ್ಯೂಬಿನಲ್ಲಿ ಒಂದೆರಡು ನೋಡಿ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿಕೊಳ್ಳಿ. ತಮ್ಮ ಆಗಲೇ ಶುರುಮಾಡಿದ್ದಾನೆ. ಮೊನ್ನೆ 2021ರ ಎಂಟನೇ ರೇಸಿನ ಹಾಳೆಯ ಫೋಟೋ ಕಳಿಸಿದ್ದ. ಗಾಳಿಯ ಕಾಲಂ ಖಾಲಿ ಬಿಟ್ಟಿದ್ದ. ಮತ್ತೆ ನೋಡಿ ತುಂಬಿಸು ಅಂದಿದ್ದೇನೆ.