ಆರ್‌ಎನ್‌ಎ ಮಡಿಕೆ ನೋಡಬೇಕೇ? ಮೊದಲು ಗೆರೆ ಎಣಿಸಿ

ಆರ್‌ಎನ್‌ಎ ಅಂದರೆ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸರ. ಅದು ಸುಮ್ನೆ ಉದ್ದಕ್ಕೆ ಬಿದ್ದಿರುವುದಿಲ್ಲ, ಮಡಚಿಕೊಳ್ಳುತ್ತದೆ. ಆ ಮಡಿಕೆಯನ್ನು ದ್ರಾವಣದಲ್ಲೇ ನೋಡಲು ಎನ್‌ಎಂಆರ್ ಬೇಕು. ಬಲವಾದ ಅಯಸ್ಕಾಂತದೊಳಗೆ ಹೈಡ್ರೋಜನ್‌ನಂಥ ಪರಮಾಣುಗಳ ಸಂಕೇತ ಹಿಡಿದು, ನಕ್ಷೆಯಲ್ಲಿ ಗೆರೆಗಳಾಗಿ ತೋರಿಸುವ ವಿಧಾನ ಅದು. ಆಸ್ಪತ್ರೆಯ ಎಂಆರ್‌ಐಗೆ ಇದು ಅಣ್ಣ. ಕೈ ಪಳಗಿಸಲು 14 ಅಕ್ಷರದ ಈ ತುಣುಕು ಸಾಕು: ಜಿಜಿಸಿಎಸಿ-ಯುಯುಸಿಜಿ-ಜಿಯುಜಿಸಿಸಿ. ಎರಡು ತುದಿಗಳ ಅಕ್ಷರಗಳು ಜೋಡಿಯಾಗಿ (ಜಿಗೆ ಸಿ, ಎಗೆ ಯು) ಕಾಂಡ, ನಡುವಿನ ನಾಲ್ಕು ಅಕ್ಷರ ಕುಣಿಕೆ. ಥೇಟ್ ಹೇರ್‌ಪಿನ್.

1. ತಯಾರಿ. ಡಿಎನ್‌ಎ ಅಚ್ಚು ಇಟ್ಟು ಟಿ7 ಪಾಲಿಮರೇಸ್ ಕಿಣ್ವದಿಂದ ಆರ್‌ಎನ್‌ಎ ಮಾಡಿಸಿ, ಜೆಲ್‌ನಲ್ಲಿ ಶುದ್ಧ ಮಾಡಿ. ಗ್ಲೌಸ್ ಕಡ್ಡಾಯ. ನಮ್ಮ ಬೆರಳಿನಲ್ಲೇ ಆರ್‌ಎನ್‌ಎ ತಿನ್ನುವ ಕಿಣ್ವ ಇರುತ್ತದೆ.

2. ಮಡಚುವುದು. ತೆಳು ದ್ರಾವಣವನ್ನು 95 ಡಿಗ್ರಿಗೆ ಕಾಯಿಸಿ, ತಟ್ಟನೆ ಐಸ್‌ನಲ್ಲಿಡಿ. ನಿಧಾನವಾಗಿ ತಣಿಸಿದರೆ ಎರಡು ಸರಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಆಮೇಲೆ ನೀರು ಕಡಿಮೆ ಮಾಡಿ ದ್ರಾವಣವನ್ನು ಸಾಂದ್ರಗೊಳಿಸಿ, ಶೇ 10 ಭಾರಜಲ ಬೆರೆಸಿ ಟ್ಯೂಬಿಗೆ ತುಂಬಿ.

3. ಗೆರೆ ಎಣಿಕೆ. ಇಲ್ಲಿ ಅವಸರ ಬೇಡ. ಜಿ ಮತ್ತು ಯು ಅಕ್ಷರಗಳಲ್ಲಿ ಸಾರಜನಕಕ್ಕೆ ಅಂಟಿದ ಒಂದು ಹೈಡ್ರೋಜನ್ ಇದೆ, ಹೆಸರು ಇಮಿನೋ. ಒಂಟಿಯಾಗಿದ್ದರೆ ಅದನ್ನು ನೀರು ಕ್ಷಣದಲ್ಲಿ ಅದಲುಬದಲು ಮಾಡಿಬಿಡುತ್ತದೆ, ಗೆರೆ ಕಾಣುವುದಿಲ್ಲ. ಜೋಡಿಯಾಗಿದ್ದರೆ ಬಚಾವ್. ಜಿ-ಸಿ ಜೋಡಿಯ ಗೆರೆ ಸಾಮಾನ್ಯವಾಗಿ 12ರಿಂದ 13.5 ಪಿಪಿಎಂ (ನಕ್ಷೆಯಲ್ಲಿ ಗೆರೆಯ ಜಾಗ ಹೇಳುವ ಅಳತೆ), ಎ-ಯು ಜೋಡಿಯದು 13ರಿಂದ 15.

ನಮ್ಮ ಕಾಂಡದಲ್ಲಿ ಐದು ಜೋಡಿ, ಐದು ಗೆರೆ ಬರಬೇಕು ಅಲ್ವಾ? ನಾಲ್ಕೇ ಕಂಡರೆ ತುದಿಯ ಜೋಡಿ ಬಿಚ್ಚಿಕೊಳ್ಳುತ್ತಿರಬಹುದು. ಉಷ್ಣತೆ ಇಳಿಸಿ ನೋಡಿ. 12ರ ಕೆಳಗೆ ಒಂದೆರಡು ಗೆರೆ ಬಂದರೆ ಗಾಬರಿ ಬೇಡ, ಅವು ಕುಣಿಕೆಯವು. ಇನ್ನೊಂದು ಮಾತು: ನೀರಿನ ದೊಡ್ಡ ಸಂಕೇತವನ್ನು ಮೊದಲೇ ಅಡಗಿಸಿಡುವ ವಿಧಾನ ಬಳಸಿದರೆ ಇಮಿನೋ ಗೆರೆಗಳೂ ಅದರ ಜೊತೆ ಹೋಗುತ್ತವೆ. ನೀರಿನ ಸಂಕೇತವನ್ನು ಕೊನೆಗಳಿಗೆಯಲ್ಲಿ ಮಾತ್ರ ಅಡಗಿಸುವ ವಾಟರ್‌ಗೇಟ್ ಎಂಬ ವಿಧಾನ ಮೇಲು. ಲೆಕ್ಕ ಕೂಡಿಬರದಿದ್ದರೆ ಮುಂದೆ ಹೋಗಲೇಬೇಡಿ, ಎರಡನೇ ಹಂತಕ್ಕೆ ವಾಪಸ್.

4. ನೆರೆಹೊರೆ. ನೋಯೆಸಿ ಪ್ರಯೋಗದಲ್ಲಿ ಸುಮಾರು 0.5 ನ್ಯಾನೋಮೀಟರ್ ಒಳಗಿರುವ ಹೈಡ್ರೋಜನ್‌ಗಳು ಪರಸ್ಪರ ಗುರುತು ಕೊಡುತ್ತವೆ. ಒಂದು ಅಕ್ಷರದಿಂದ ಅದಕ್ಕೆ ಅಂಟಿರುವ ಸಕ್ಕರೆಗೆ, ಅಲ್ಲಿಂದ ಮುಂದಿನ ಅಕ್ಷರಕ್ಕೆ ಹೀಗೆ ನಡೆಯುತ್ತಾ ಹೋಗಿ. ಸಕ್ಕರೆಯ ಗೆರೆಗಳು 4ರಿಂದ 5 ಪಿಪಿಎಂ ನಡುವೆ ಸಂತೆಯಂತೆ ಕಿಕ್ಕಿರಿದಿರುತ್ತವೆ. ಸರ ಉದ್ದವಾದರೆ ಕಾರ್ಬನ್-13, ನೈಟ್ರೋಜನ್-15 ಎಂಬ ಭಾರದ ಪರಮಾಣುಗಳನ್ನು ಸೇರಿಸಿದ ಆರ್‌ಎನ್‌ಎ ಬೇಕೇ ಬೇಕು. ಜೇಬಿಗೆ ಭಾರ.

5. ಆಕಾರ. ಈ ದೂರಗಳನ್ನು ಕಂಪ್ಯೂಟರಿಗೆ ಕೊಟ್ಟು ಹಲವು ಮಾದರಿ ತೆಗೆಸಿ, ಚೆನ್ನಾಗಿ ಹೊಂದುವ 20 ಇಟ್ಟುಕೊಳ್ಳಿ. ಒಂದರ ಮೇಲೊಂದು ಇಟ್ಟರೆ ಕಾಂಡ ಪೂರ್ತಿ ಕೂಡಿಕೊಳ್ಳುತ್ತದೆ. ಕುಣಿಕೆಯ ಎರಡನೇ ಯು ಮಾತ್ರ ಹೊರಗೆ ಚಾಚಿ ಓಲಾಡುತ್ತಿರುತ್ತದೆ.