ಬಾತ್‌ರೂಮ್ ಬಜೆಟ್ ಬರೆಯೋಕ್ಕೆ ಮುಂಚೆ ಒಂದು ಅಡಿ ನೆಲ ಒಡೆಸಿದೆ: ನನ್ನ ಅನುಭವ

ಎರಡನೇ ಬಾತ್‌ರೂಮ್ ಕೆಲಸ ಮುಗೀತು. ಬಜೆಟ್ 100 ಅಂತ ಬರೆದಿಟ್ಟಿದ್ದು 97ರ ಆಸುಪಾಸಿಗೆ ನಿಂತಿದೆ. ಶುರು ಮಾಡುವಾಗ ಮೇಸ್ತ್ರಿ, ಪ್ಲಂಬರ್, ನಮ್ಮ ಭಾವ ಎಲ್ಲರದ್ದೂ ಒಂದೇ ರಾಗ, "ಒಡೆಯೋವರೆಗೂ ಬಾತ್‌ರೂಮ್ ಬಜೆಟ್ ಅನ್ನೋದು ಬರೀ ಅಂದಾಜು, ಬರೆದಿದ್ದಕ್ಕೆ ಅರ್ಧ ಸೇರಿಸಿ ಕೈಯಲ್ಲಿ ಇಟ್ಕೊಂಡಿರು" ಅಂತ. ಮಾತೇನೋ ನಿಜಾನೇ. ಹಂಗಿದ್ರೆ ಒಡೆದ ಮೇಲೇ ಬಜೆಟ್ ಬರೆದ್ರಾಯ್ತು ಅಂದೆ, ನಕ್ಕರು. ಈಗ ಅದೇ ಭಾವ ನನ್ನ ಲೆಕ್ಕದ ಹಾಳೆ ಕಳಿಸು ಅಂತ ಎರಡೆರಡು ಸಲ ಫೋನ್ ಮಾಡಿದಾರೆ.

ದುಡ್ಡಿನ ಮೊತ್ತ ಹೇಳಲ್ಲ, ಹೇಳಿದ್ರೂ ನಿಮಗೆ ಉಪಯೋಗ ಇಲ್ಲ, ಒಂದೊಂದು ಮನೆಗೆ ಒಂದೊಂದು ಥರ. ಒಟ್ಟು ಬಜೆಟ್ 100 ಅಂತಿಟ್ಕೊಂಡು ಪಾಲು ಹೇಳ್ತೀನಿ, ಅದೂ ನೆನಪಿನಿಂದ, ಒಂದೆರಡು ಹೆಚ್ಚುಕಮ್ಮಿ ಇರಬಹುದು.

ಮೊದಲನೇ ಬಾತ್‌ರೂಮ್ ಎಲ್ಲರೂ ಮಾಡಿಸೋ ಥರಾನೇ ಮಾಡಿಸಿದ್ದು. ಮೂರು ಕೊಟೇಷನ್ ತಗೋ, ಮಧ್ಯದ್ದು ಹಿಡಿ. ಕೊನೆಗೆ 100 ಹೋಗಿ 160 ಆಯ್ತು. ಆಮೇಲೆ ಆ ಮೂರೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯ್ತು: ಒಂದರಲ್ಲಿ ಒಡೆದ ಡೆಬ್ರಿ ಸಾಗಿಸೋದು ಇಲ್ಲ, ಇನ್ನೊಂದರಲ್ಲಿ ವಾಟರ್‌ಪ್ರೂಫಿಂಗ್ ಅಂತ ಒಂದೇ ಪದ ಇದೆ, ಎಷ್ಟು ಕೋಟು, ಗೋಡೆ ಮೇಲೆ ಎಷ್ಟು ಎತ್ತರ ಏನೂ ಇಲ್ಲ, ಮೂರನೇದರಲ್ಲಿ ಟೈಲ್ಸ್ ಕೂಲಿ ಕಮ್ಮಿ ಬರೆದು ಮೂಲೆಗಳಲ್ಲಿ 45 ಡಿಗ್ರಿ ಕಟಿಂಗ್‌ಗೆ ರನ್ನಿಂಗ್ ಅಡಿ ಲೆಕ್ಕದಲ್ಲಿ ಬೇರೆ ಚಾರ್ಜ್. ಮೂರು ಅರ್ಧಂಬರ್ಧ ಪಟ್ಟಿಯಲ್ಲಿ ಮಧ್ಯದ್ದು ಹಿಡಿದ್ರೂ ಸಿಗೋದು ಅರ್ಧಂಬರ್ಧ ಪಟ್ಟೀನೇ. ಚದರ ಅಡಿಗೆ ಇಷ್ಟು ಅಂತ ಗುಣಿಸೋದೂ ಇದೇ ಕಥೆ, ಬಾತ್‌ರೂಮ್‌ನಲ್ಲಿ ಖರ್ಚು ಇರೋದು ನೆಲದ ವಿಸ್ತೀರ್ಣದಲ್ಲಲ್ಲ, ಪೈಪ್, ಗೋಡೆ, ಕೂಲಿಯಲ್ಲಿ. 30 ಚದರ ಅಡಿಗೂ 45 ಚದರ ಅಡಿಗೂ ಕಮೋಡ್ ಒಂದೇ, ಡೈವರ್ಟರ್ (ನಲ್ಲಿಗೂ ಶವರ್‌ಗೂ ನೀರು ತಿರುಗಿಸೋ ವಾಲ್ವ್) ಒಂದೇ.

ಹಾಗಾಗಿ ಈ ಸಲ ಕೊಟೇಷನ್ ಕೇಳೋಕ್ಕೂ ಮುಂಚೆ ಕೂಲಿ ಕೊಟ್ಟು ನಹಾನಿ ಟ್ರಾಪ್ (ನೆಲದ ನೀರು ಹೊರಗೆ ಹೋಗೋ ಜಾಗ) ಪಕ್ಕ ಒಂದಡಿಗೆ ಒಂದಡಿ ಟೈಲ್ ತೆಗೆಸಿದೆ. ಟೈಲ್, ಗಾರೆ, ಅದರ ಕೆಳಗೆ ಸಂಕ್‌ನಲ್ಲಿ (ಪೈಪ್ ಹಾಯಿಸೋಕ್ಕೆ ಸ್ಲ್ಯಾಬ್ ತಗ್ಗಿಸಿ ಬಿಟ್ಟಿರೋ ಗುಂಡಿ) ತುಂಬಿರೋ ಇಟ್ಟಿಗೆ ಚೂರು, ಸ್ಲ್ಯಾಬ್ ಕಾಣೋವರೆಗೆ. ಸ್ಲ್ಯಾಬ್‌ಗೆ ಉಳಿ ತಾಗಿಸ್ಬೇಡ ಅಂತ ಪಕ್ಕದಲ್ಲೇ ನಿಂತಿದ್ದೆ. ಕೆಳಗೆ ಇಟ್ಟಿಗೆ ಚೂರೆಲ್ಲ ನೀರಲ್ಲಿ ತೊಯ್ದು ಕೂತಿತ್ತು. ನೋಡಿದ ತಕ್ಷಣ ಮೇಸ್ತ್ರಿ "ಸಾರ್, ಎಲ್ಲಾ ಪೈಪೂ ಹೋಗಿದೆ, ಪೂರ್ತಿ ಬದಲಾಯಿಸ್ಬೇಕು" ಅಂದ. ಅಷ್ಟು ಬೇಗ ಒಪ್ಪೋದು ಬೇಡ ಅಂತ ಗುಂಡಿಯ ನೀರು ಸ್ಪಂಜಲ್ಲಿ ಹೀರಿ ತೆಗೆದು, ವಾಲ್ವ್ ಓಪನ್ ಇಟ್ಟು, ಬಾತ್‌ರೂಮ್ ಬಳಸೋದು ಮಾತ್ರ ನಿಲ್ಲಿಸಿದ್ವಿ. ಪ್ರೆಷರ್ ಇರೋ ಲೈನ್ ಸೋರ್ತಿದ್ರೆ ಬಳಸಿದ್ರೂ ಬಳಸದಿದ್ರೂ ನೀರು ಬರ್ತಾನೇ ಇರಬೇಕು, ಡ್ರೈನ್ ಸೋರ್ತಿದ್ರೆ ಬಳಸಿದಾಗ ಮಾತ್ರ. ವಾರ ಕಳೆಯೋದ್ರೊಳಗೆ ಜಿನುಗೋದು ನಿಂತೋಯ್ತು. ಆಮೇಲೆ ಟ್ರಾಪ್‌ಗೆ ಬಣ್ಣದ ನೀರು ಹುಯ್ದೆ, ಸ್ವಲ್ಪ ಹೊತ್ತಿಗೆ ಟ್ರಾಪ್‌ನ ಕುತ್ತಿಗೆ ಜಾಯಿಂಟ್ ಹತ್ರ ಅದೇ ಬಣ್ಣ ಇಣುಕಿತು. ಅಂದ್ರೆ ಸೋರ್ತಿದ್ದದ್ದು ಡ್ರೈನ್ ಜಾಯಿಂಟ್. ಸಂಕ್ ಪೂರ್ತಿ ತೆಗೀಲೇಬೇಕು ಅನ್ನೋದೂ ಖಾತ್ರಿ ಆಯ್ತು, ಗೋಡೆ ಆಚೆಯ ಮೇನ್ ಲೈನ್ ಮುಟ್ಟೋದು ಬೇಡ ಅನ್ನೋದೂ ಖಾತ್ರಿ ಆಯ್ತು. ಈ ಪರೀಕ್ಷೆಗೆ ಆದ ಖರ್ಚು 100ರಲ್ಲಿ ಒಂದೂ ಇಲ್ಲ. ಉಳಿಸಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಗೋಡೆಯಲ್ಲೂ ಶವರ್ ಕೆಳಗಿನ ಎಲ್ಬೋ ಹತ್ರ ಅಂಗೈ ಅಗಲ ಬಿಚ್ಚಿಸಿದೆ. ಅರ್ಧ ಇಂಚಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಒಳಗೆಲ್ಲ ತುಕ್ಕು ಕಟ್ಟಿ ಪೆನ್ಸಿಲ್ ಹೋಗೋಷ್ಟು ಜಾಗ ಉಳಿದಿತ್ತು. ರೂಮಿನೊಳಗಿನ ಲೈನ್ ಪೂರ್ತಿ ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್ ಪೈಪು) ಅಂತ ಆವತ್ತೇ ಹಾಳೆಗೆ ಹೋಯ್ತು.

ಇಲ್ಲೇ ಒಂದು ಅಡ್ಡ ಕಥೆ. ಮನೇಲಿ ಎಲ್ಲರಿಗೂ ದೊಡ್ಡ ರೇನ್ ಶವರ್ ಬೇಕಿತ್ತು. ನಾನು ಬಕೆಟ್ ಇಟ್ಟು ಟೈಮ್ ನೋಡಿದೆ, 10 ಲೀಟರ್ ತುಂಬೋಕ್ಕೆ ಒಂದೂವರೆ ನಿಮಿಷದ ಮೇಲೆ, ಅಂದ್ರೆ ನಿಮಿಷಕ್ಕೆ 6 ಲೀಟರ್ ಹತ್ರ. ಪೈಪ್ ಬದಲಾಯಿಸಿದ್ರೆ ಹರಿವು ಜಾಸ್ತಿ ಆಗುತ್ತೆ, ಸರಿ, ಆದ್ರೆ ಟ್ಯಾಂಕ್ ತಳದಿಂದ ಶವರ್‌ಗೆ ಇರೋದು 3 ಮೀಟರ್ ಎತ್ತರ, 10 ಮೀಟರ್‌ಗೆ ಹೆಚ್ಚುಕಮ್ಮಿ 1 ಬಾರ್ ಒತ್ತಡ ಅಂದ್ರೆ ನಮ್ಮದು 0.3 ಬಾರ್, ಅದನ್ನ ಯಾವ ಪೈಪೂ ಬದಲಾಯಿಸಲ್ಲ. ಮನೆಯವರು ಆರಿಸಿದ್ದ ಶವರ್ ಡಬ್ಬಿ ಮೇಲೆ ಕನಿಷ್ಠ 1 ಬಾರ್ ಅಂತ ಬರೆದಿತ್ತು. ಅಂದ್ರೆ ಶವರ್ ಜೊತೆ ಪ್ರೆಷರ್ ಪಂಪು, ಪಂಪಿಗೆ ವೈರಿಂಗು, ಪಂಪಿನ ಸದ್ದಿಗೆ ಮನೇಲಿ ಜಗಳ. ಸಾಧಾರಣ ಸೈಜಿನ ಶವರ್‌ಗೆ ಬಂದ್ವಿ. ಹೊಸ ಮುಕ್ಕಾಲು ಇಂಚಿನ ಲೈನ್‌ನಲ್ಲಿ ಅದು ಧಾರಾಳವಾಗಿ ಬರ್ತಿದೆ, ಈಗ ಯಾರೂ ರೇನ್ ಶವರ್ ಹೆಸರೆತ್ತಲ್ಲ.

ಇನ್ನೊಂದು ಪ್ರಯೋಗ ಫೇಲ್ ಆಯ್ತು, ಅದನ್ನೂ ಹೇಳ್ಬೇಕು. ಗೋಡೆಯ ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದ್ರೆ ಒಡೆಯೋ ಕೂಲಿ, ಡೆಬ್ರಿ, ಗಾರೆ ಎಲ್ಲಾ ಉಳಿಯುತ್ತೆ ಅಂತ ಆಸೆ ಇತ್ತು. ಒಂದು ಟೈಲ್ ಟೈಲ್-ಮೇಲೆ-ಟೈಲ್ ಅಂಟು ಹಾಕಿ ಕೂರಿಸಿ, ವಾರ ಬಿಟ್ಟು ಉಳಿ ಹಾಕಿ ಎಬ್ಬಿಸಿದೆ. ಹೊಸ ಟೈಲ್ ಬಿಡಲಿಲ್ಲ, ಹಳೇ ಟೈಲೇ ಗಾರೆ ಸಮೇತ ಕಿತ್ಕೊಂಡು ಬಂತು. ಅಂಟು ಗಟ್ಟಿ, ಹಳೇ ಗೋಡೆ ಟೊಳ್ಳು. ಅಲ್ಲಿಗೆ ಆ ಆಸೆ ಮುಗೀತು.

ಇಷ್ಟಾದ ಮೇಲೆ ಬಜೆಟ್ ಬರೆದೆ. ಒಡೆಯೋದು, ಸಾಗಿಸೋದು, ಪೈಪು, ಡ್ರೈನು, ವಾಟರ್‌ಪ್ರೂಫಿಂಗ್, ವೈರಿಂಗ್, ಅಂದ್ರೆ ಕೊನೆಗೆ ಕಣ್ಣಿಗೆ ಕಾಣದೇ ಇರೋದೆಲ್ಲ ಕೂಲಿ ಸಮೇತ 38. ಟೈಲ್ಸು ಮತ್ತೆ ಹಾಕೋ ಕೂಲಿ 25. ಕಮೋಡು, ಬೇಸಿನ್, ನಲ್ಲಿ, ಡೈವರ್ಟರ್, ಗೀಸರ್ 18. ಚಿಲ್ಲರೆ ಸಾಮಾನು 7. ಮೀಸಲು 12. ಬರೆಯೋ ಕ್ರಮ ಮುಖ್ಯ, ಕಾಣದಿರೋ 38ನ್ನ ಮೊದಲು ಎತ್ತಿಡಬೇಕು, ಅದರಿಂದ ನಲ್ಲಿ ಕಡೆಗೆ ಒಂದು ಪೈಸೆ ಜಾರಿಸೋ ಹಂಗಿಲ್ಲ. ಸಾಮಾನ್ಯವಾಗಿ ಆಗೋದು ಉಲ್ಟಾ, ಷೋರೂಮ್‌ಗೆ ಹೋಗಿ ಚೆಂದದ ಕಮೋಡ್ ನೋಡಿ ಮನಸೋತು, ಆಮೇಲೆ ವಾಟರ್‌ಪ್ರೂಫಿಂಗ್ ಒಂದೇ ಕೋಟ್ ಸಾಕಲ್ವಾ ಅಂತ ಮೇಸ್ತ್ರಿ ಹತ್ರ ಚೌಕಾಸಿ.

ಡೆಬ್ರಿ ಬಗ್ಗೆ ಯಾರೂ ಹೇಳಲ್ಲ ನೋಡಿ. ಕೂತಿರೋವಾಗ ಕಮ್ಮಿ ಕಾಣುತ್ತೆ, ಒಡೆದ ಮೇಲೆ ಒಂದೂವರೆ ಪಟ್ಟು ಉಬ್ಬುತ್ತೆ. ನಮ್ಮದು 5 ಅಡಿಗೆ 8 ಅಡಿ ರೂಮು, ಒಂದಡಿ ಆಳದ ಸಂಕು, ಗೋಡೆ ಗಾರೆ ಎಲ್ಲಾ ಸೇರಿ 3 ಘನ ಮೀಟರ್‌ಗೆ ಹತ್ರ ಬಂತು, ತೂಕದಲ್ಲಿ ಟನ್‌ಗಟ್ಲೆ. ಮೆಟ್ಟಿಲು ಇಳಿಸೋ ಕೂಲಿ ಒಂದು ಲೆಕ್ಕ, ಗಾಡಿ ಬಾಡಿಗೆ ಇನ್ನೊಂದು ಲೆಕ್ಕ, ಎರಡನ್ನೂ ಬೇರೆಬೇರೆ ಬರೀರಿ.

ಟೈಲ್ಸ್ ಲೆಕ್ಕ ಎಲ್ಲರಿಗೂ ಗೊತ್ತು. ನೆಲ 40, ಗೋಡೆ 7 ಅಡಿ ಎತ್ತರಕ್ಕೆ ಸುತ್ತಳತೆ 26 ಅಡಿ, ಬಾಗಿಲು ಕಳೆದು 165, ಒಟ್ಟು 205 ಚದರ ಅಡಿ, ವೇಸ್ಟೇಜ್ ಸೇರಿ 225. ಆದ್ರೆ ಒಂದು ಕಡೆ ಎಲ್ಲರೂ ಎಡವ್ತಾರೆ: 600ಕ್ಕೆ 600 ಮಿಮೀ ಟೈಲನ್ನ ಎರಡಡಿಗೆ ಎರಡಡಿ ಅಂತೀವಲ್ಲ, ಅದು ಪೂರ್ತಿ ಎರಡಡಿ ಇರಲ್ಲ, 4 ಟೈಲಿನ ಡಬ್ಬಿಯಲ್ಲಿರೋದು 15.5 ಚದರ ಅಡಿ, 16 ಅಂತ ಗುಣಿಸಿದ್ರೆ ಕೊನೇಲಿ ಒಂದೆರಡು ಟೈಲ್ ಕಮ್ಮಿ ಬೀಳುತ್ತೆ, ಆಗ ಹೋದ್ರೆ ಆ ಬ್ಯಾಚ್ ಮುಗಿದಿರುತ್ತೆ, ಬೇರೆ ಬ್ಯಾಚ್ ಅಂದ್ರೆ ಬೇರೆ ಶೇಡು. ಒಂದು ಡಬ್ಬಿ ಹೆಚ್ಚಿಗೆ ತಗೊಂಡು ಎತ್ತಿಟ್ಟಿದೀನಿ. ಸಣ್ಣ ರೂಮಿಗೆ 4ಕ್ಕೆ 2 ಅಡಿಯ ದೊಡ್ಡ ಟೈಲ್ ಹಾಕಿಸೋರಿಗೆ ಕೈಮುಗೀತೀನಿ, ಕಟಿಂಗ್‌ನಲ್ಲೇ ಎಷ್ಟೋ ಹೋಗುತ್ತೆ, ಕೂಲೀನೂ ಜಾಸ್ತಿ, ನೆಲಕ್ಕೆ ಹಾಕಿದ್ರೆ ಟ್ರಾಪ್ ಕಡೆ ಇಳಿಜಾರು ಕೊಡೋದೂ ಕಷ್ಟ. ನಾನು ಗೋಡೆಗೆ 1ಕ್ಕೆ 2, ನೆಲಕ್ಕೆ ಒಂದಡಿಯ ಮ್ಯಾಟ್ ಫಿನಿಶ್ ಟೈಲ್. ಮೂಲೆಗೆ 45 ಡಿಗ್ರಿ ಕಟಿಂಗ್ ಬಿಟ್ಟು ಪಟ್ಟಿ ಹಾಕಿಸಿದೆ, ಅದರಲ್ಲೇ ಹತ್ರಹತ್ರ 2 ಉಳೀತು.

ಫಿಟಿಂಗ್ಸ್ ಎಲ್ಲಾ ಒಡೆಯೋಕ್ಕೆ ಮುಂಚೆಯೇ ಮನೆಗೆ ಬಂದು ಕೂತಿತ್ತು. ಇದಕ್ಕೂ ಬೈಸ್ಕೊಂಡೆ, ಹಾಲ್‌ನಲ್ಲಿ ಕಮೋಡ್ ಇಟ್ಕೊಂಡು ಇರೋರು ಯಾರೂ ಇಲ್ಲ ಅಂತ. ಆದ್ರೆ ಕಮೋಡ್‌ನ ಔಟ್‌ಲೆಟ್ ದೂರ ಗೋಡೆಯಿಂದ 9 ಇಂಚು ಅಂದ್ರೆ ಅದು ಟೈಲ್ ಹಾಕಿದ ಗೋಡೆಯಿಂದ, ಬರೀ ಗೋಡೆಯಿಂದ ಅಲ್ಲ. ಕನ್ಸೀಲ್ಡ್ (ಗೋಡೆಯೊಳಗೆ ಕೂರೋ) ಡೈವರ್ಟರ್ ಮೇಲೆ ಗೋಡೆ ಮುಖ ಇಲ್ಲಿಂದ ಇಲ್ಲಿಗೆ ಇರಬೇಕು ಅಂತ ಗೆರೆ ಇರುತ್ತೆ, ಟೈಲ್ ದಪ್ಪ, ಅಂಟಿನ ದಪ್ಪ ಸೇರಿಸಿ ಆ ಗೆರೆಗಳ ಮಧ್ಯ ಬರದಿದ್ರೆ ಎಕ್ಸ್‌ಟೆನ್ಷನ್ ಪೀಸ್ ಹುಡುಕ್ಕೊಂಡು ತಿರುಗ್ಬೇಕು, ಇಲ್ಲಾ ಹೊಸ ಟೈಲ್ ಒಡೀಬೇಕು. ಸಾಮಾನು ಕೈಯಲ್ಲಿದ್ರೆ ಪ್ಲಂಬರ್ ಅಳೆದು ಪೈಪ್ ಬಿಡ್ತಾನೆ. ಗೋಡೆಗೆ ನೇತು ಹಾಕೋ ಕಮೋಡ್ ಬಗ್ಗೆ ಯೋಚಿಸಿ ಕೈಬಿಟ್ಟೆ, ಕಮೋಡ್ ರೇಟ್ ಒಂದೇ ನೋಡಿದ್ರೆ ಸಾಲದು, ಒಳಗಿನ ಫ್ರೇಮು, ಟ್ಯಾಂಕು, ಅದನ್ನ ಮುಚ್ಚೋ ಅರ್ಧ ಗೋಡೆ, ಆ ಗೋಡೆಗೆ ಟೈಲ್ಸು, ಎಲ್ಲಾ ಸೇರಿದ್ರೆ ಎರಡು ಪಟ್ಟು ದಾಟುತ್ತೆ.

ಚಿಲ್ಲರೆಗೆ 7 ಇಟ್ಟಿದ್ದೆ, 9 ಆಯ್ತು. ಆಂಗಲ್ ವಾಲ್ವ್ (ಗೋಡೆಯ ಪೈಪಿನ ಬಾಯಿಗೆ ಹಾಕೋ ಸಣ್ಣ ವಾಲ್ವ್) ಒಂದೇ ಲೆಕ್ಕ ಹಾಕಿ, ಬೇಸಿನ್‌ಗೆ 2, ಗೀಸರ್‌ಗೆ 2, ಫ್ಲಶ್ ಟ್ಯಾಂಕ್‌ಗೆ 1, ಜೆಟ್‌ಗೆ 1. ಅದಕ್ಕೆ ಕನೆಕ್ಷನ್ ಪೈಪುಗಳು, ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರಾಪ್, ಜಾಲಿ, ಸಿಲಿಕಾನ್, ಟೆಫ್ಲಾನ್ ಟೇಪ್. ಷೋರೂಮ್ ಬಿಲ್‌ನಲ್ಲಿ ಇದ್ಯಾವುದೂ ಇರಲ್ಲ.

ದುಡ್ಡು ಕೊಡೋದನ್ನ ದಿನದ ಲೆಕ್ಕಕ್ಕೆ ಇಡದೆ ಟೆಸ್ಟ್ ಲೆಕ್ಕಕ್ಕೆ ಇಟ್ಟೆ, ಇದು ನನಗೆ ತುಂಬಾ ಖುಷಿ ಕೊಟ್ಟ ಭಾಗ. ಪೈಪ್ ಹಾಕಿ ಗಾರೆ ಮುಚ್ಚೋ ಮುಂಚೆ ಹ್ಯಾಂಡ್ ಪಂಪಲ್ಲಿ ಪ್ರೆಷರ್ ಏರಿಸಿ ಮೀಟರ್‌ನ ಮುಳ್ಳು ಇಳೀಲಿಲ್ಲ ಅಂದ್ರೆ ಮೊದಲ ಕಂತು. ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಅಡ್ಡ ಒಂದು ಉದ್ದ, ಗೋಡೆ ಮೇಲೆ ಒಂದಡಿ, ಶವರ್ ಕಡೆ 6 ಅಡಿ, ಒಣಗಿದ ಮೇಲೆ ಟ್ರಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ಪಾಸಾದ್ರೆ ಎರಡನೇ ಕಂತು. ನೀರು ಸ್ವಲ್ಪ ಇಳಿದಿತ್ತು, ಮೇಸ್ತ್ರಿ ಆವಿ ಆಗಿದೆ ಅಂದ. ಇಂಥ ಮಾತು ಬರುತ್ತೆ ಅಂತ ಗೊತ್ತಿದ್ದಕ್ಕೇ ಪಕ್ಕದಲ್ಲಿ ಒಂದು ಬಕೆಟ್‌ನಲ್ಲೂ ನೀರಿಟ್ಟು ಪೆನ್ಸಿಲ್ ಗೆರೆ ಹಾಕಿದ್ದೆ. ಬಕೆಟ್‌ನಲ್ಲೂ ಅಷ್ಟೇ ಇಳಿದಿತ್ತು, ದುಡ್ಡು ಕೊಟ್ಟೆ. ಕೊನೇ ಕಂತು ಬಳಸಿ ಒಂದಷ್ಟು ವಾರ ಆದ್ಮೇಲೆ. ಈ ಷರತ್ತಿಗೆ ಮೇಸ್ತ್ರಿಯನ್ನ ಹೆಂಗೆ ಒಪ್ಪಿಸಿದೆ ಅನ್ನೋದು ಇಲ್ಲಿ ಬರೆಯಲ್ಲ, ಅವನೂ ಓದ್ತಾನೆ.

ಮೀಸಲು 12ರಲ್ಲಿ 11 ಹೋಯ್ತು. ಬಾಗಿಲ ಚೌಕಟ್ಟಿನ ಬುಡ ನೀರಿಗೆ ಕೊಳೆತಿತ್ತು, ಅದಕ್ಕೆ 5. ಸಂಕ್ ಖಾಲಿ ಮಾಡಿದಾಗ ಕಮೋಡ್‌ನ ಡ್ರೈನ್‌ನಲ್ಲೂ ಒಂದು ಬೆಂಡ್ ಸೀಳಿತ್ತು, ಜೊತೆಗೆ ಗೀಸರ್ ಲೈನಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಹಾಕಿಸಿದೆ, ಎರಡಕ್ಕೂ 4. ಚಿಲ್ಲರೆಗೆ 2. ಟೈಲ್ಸು, ಫಿಟಿಂಗ್ಸ್‌ನಲ್ಲಿ ಒಂದೊಂದು ಉಳೀತು. ಹಾಗೆ 97.

ಗ್ರೌಟ್‌ಗೆ (ಟೈಲ್ ಸಂದು ತುಂಬೋದಕ್ಕೆ) ಎಪಾಕ್ಸಿನಾ ಸಿಮೆಂಟಾ ಅಂತ ಕೇಳೋರಿಗೆ: ಮಿಕ್ಕ ಟೈಲ್ ತುಂಡುಗಳನ್ನ ಎರಡು ಹಲಗೆಗೆ ಅಂಟಿಸಿ ಒಂದಕ್ಕೆ ಇದು ಒಂದಕ್ಕೆ ಅದು ತುಂಬಿ, ಮೇಲೆ ಇಂಕು, ಹೇರ್ ಡೈ, ಎಣ್ಣೆ ಹುಯ್ದು ಒಂದು ದಿನ ಬಿಟ್ಟೆ. ಸಿಮೆಂಟ್ ಎಲ್ಲಾ ಕುಡೀತು, ಎಪಾಕ್ಸಿಯಲ್ಲಿ ಹೇರ್ ಡೈ ಮಾತ್ರ ತೆಳ್ಳಗೆ ಉಳೀತು. ಆದ್ರೂ ಪೂರ್ತಿ ಎಪಾಕ್ಸಿ ಹಾಕ್ಸಿಲ್ಲ, ನೆಲಕ್ಕೆ ಮತ್ತೆ ಶವರ್ ಗೋಡೆ ಕೆಳಗಿನ ಮೂರಡಿಗೆ ಮಾತ್ರ, ಮೇಲೆ ಸಿಮೆಂಟ್ ಗ್ರೌಟು, ಬಣ್ಣ ಹೊಂದಿಸಿದ್ದಕ್ಕೆ ಯಾರಿಗೂ ಗೊತ್ತಾಗಿಲ್ಲ. ಗಾಜಿನ ಪಾರ್ಟಿಷನ್ ಉಳಿದಿದೆ, ಮಿಕ್ಕ 3ರಲ್ಲಿ ಅದು ಬರಲ್ಲ. ಸದ್ಯಕ್ಕೆ ಪರದೆ ಹಾಕಿದೀವಿ.